ಡೈವ್ ಕಂಪ್ಯೂಟರ್: ಉಪಕರಣದ ದೋಷವೋ, ನಿರ್ವಹಣೆಯ ಲೋಪವೋ?

ಕರಾವಳಿಯ ಪ್ರವಾಸೋದ್ಯಮದಲ್ಲಿ ಸ್ಕೂಬಾ ಡೈವಿಂಗ್ ಇಂದು ಒಂದು ಪ್ರತ್ಯೇಕ ವ್ಯವಹಾರವಾಗಿ ನೆಲೆಯೂರಿದೆ. ಮಳೆಗಾಲ ಕಳೆದು ಕಡಲು ತಿಳಿಯಾದೊಡನೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದತ್ತ ದೋಣಿಗಳು ಹೊರಡುತ್ತವೆ. ಈ ವ್ಯವಹಾರದಲ್ಲಿ ತೊಡಗಿದವರು ಒಂದೆಡೆ ಸೇರಿದಾಗ ದೋಣಿಯ ಡೀಸೆಲ್, ಕಂಪ್ರೆಸರಿನ ದುರಸ್ತಿ, ಸಿಲಿಂಡರಿನ ಪರೀಕ್ಷೆ, ಪರವಾನಗಿ ಮೊದಲಾದ ವಿಷಯಗಳು ಸಹಜವಾಗಿಯೇ ಚರ್ಚೆಗೆ ಬರುತ್ತವೆ. ಆದರೆ ಮುಳುಗುಗಾರನ ಮಣಿಕಟ್ಟಿನ ಮೇಲಿರುವ ಚಿಕ್ಕ ಡೈವ್ ಕಂಪ್ಯೂಟರಿನ ಮಾತು ಬರುವುದು ಅದು ಕೈಕೊಟ್ಟಾಗ ಮಾತ್ರ. ಈ ಅಲಕ್ಷ್ಯ ಸರಿಯಲ್ಲವೆಂಬುದು ಅನೇಕ ವರ್ಷಗಳಿಂದ ಇಂತಹ ಉಪಕರಣಗಳನ್ನು ಮಾರುತ್ತ, ಬಾಡಿಗೆಗೆ ಕೊಡುತ್ತ ಬಂದಿರುವ ನನ್ನ ಅಭಿಪ್ರಾಯ.

ಈ ಉಪಕರಣ ಮಾಡುವ ಕೆಲಸವನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಉಚಿತ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ದೇಹದ ಅಂಗಾಂಶಗಳಲ್ಲಿ ಕರಗಿ ಸೇರುತ್ತದೆ. ಮುಳುಗುಗಾರ ಬೇಗನೆ ಮೇಲಕ್ಕೆ ಬಂದರೆ ಅದೇ ಸಾರಜನಕ ಗುಳ್ಳೆಗಳಾಗಿ ಹೊರಟು ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ‘ಬೆಂಡ್ಸ್’ ಎಂದು ಕರೆಯುವುದು ಇದನ್ನೇ. ಇದನ್ನು ತಪ್ಪಿಸುವ ಕೋಷ್ಟಕಗಳನ್ನು ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್ ಮತ್ತು ಅವರ ಸಹೋದ್ಯೋಗಿಗಳು ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದರು. ಕೋಷ್ಟಕದ ಲೆಕ್ಕವನ್ನು ನೀರಿನೊಳಗೇ ಕ್ಷಣಕ್ಷಣಕ್ಕೂ ಮಾಡಿಕೊಡುವ ‘ಎಡ್ಜ್’ ಎಂಬ ಕಂಪ್ಯೂಟರ್ 1983ರಲ್ಲಿ ಮಾರುಕಟ್ಟೆಗೆ ಬಂದ ಬಳಿಕ ಈ ಉಪಕರಣದ ಬಳಕೆ ಹಬ್ಬಿತು. ಇಂದಿನ ಅನೇಕ ಮಾದರಿಗಳು ಜ್ಯೂರಿಕ್ಕಿನ ವೈದ್ಯ ಬ್ಯೂಲ್ಮನ್ ಅವರ ಗಣಿತವನ್ನು ಅನುಸರಿಸಿ, ದೇಹವನ್ನು 16 ಕಾಲ್ಪನಿಕ ಅಂಗಾಂಶಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತವೆ.

ಆದರೆ ಕಂಪ್ಯೂಟರಿಗೆ ನಿಜವಾಗಿ ತಿಳಿಯುವುದು ಎರಡೇ ಸಂಗತಿಗಳು: ಹೊರಗಿನ ಒತ್ತಡ ಮತ್ತು ಕಳೆದ ಸಮಯ. ಮುಳುಗುಗಾರನ ಆಯಾಸ, ವಯಸ್ಸು, ರಾತ್ರಿಯ ನಿದ್ರೆಗೇಡು ಇವು ಯಾವುವೂ ಅದಕ್ಕೆ ಗೊತ್ತಿಲ್ಲ. ಐರೋಪ್ಯ ಮಾನಕವಾದ ಇಎನ್ 13319 ಸಹ ಆಳ ಮತ್ತು ಸಮಯದ ಅಳತೆಗಷ್ಟೇ ಸಂಬಂಧಿಸಿದೆ; ಸಾರಜನಕದ ಲೆಕ್ಕಾಚಾರ ಅದರ ವ್ಯಾಪ್ತಿಗೆ ಸೇರಿಲ್ಲ. ಪೆಟ್ಟಿಗೆಯ ಮೇಲಿನ ಮುದ್ರೆಯನ್ನು ತೋರಿಸಿ ‘ಇದು ಸಂಪೂರ್ಣ ಸುರಕ್ಷಿತ’ ಎಂದು ಗ್ರಾಹಕರಿಗೆ ಹೇಳುವ ವ್ಯಾಪಾರಿ ಬಂಧುಗಳು ಇದನ್ನು ಗಮನದಲ್ಲಿಡಬೇಕು.

ದೂರುಗಳ ಸ್ವರೂಪ

ನನ್ನ ಬಳಿಗೆ ಬಂದ ದೂರುಗಳಲ್ಲಿ ಬಹುಪಾಲು ಉಪಕರಣದ ದೋಷಗಳಲ್ಲ. ಗ್ರಾಹಕರೊಬ್ಬರು ತಮ್ಮ ಕಂಪ್ಯೂಟರ್ ಕೆಟ್ಟಿದೆ, ಆಳವನ್ನಷ್ಟೇ ತೋರಿಸುತ್ತಿದೆ, ಉಳಿದ ಸಮಯವನ್ನು ತೋರಿಸುತ್ತಿಲ್ಲವೆಂದು ಸಿಟ್ಟಿನಿಂದ ಬಂದರು. ಹಿಂದಿನ ದಿನದ ದಾಖಲೆಯನ್ನು ತೆರೆದು ನೋಡಿದಾಗ, ನಿಲ್ಲಬೇಕೆಂದು ಸೂಚಿಸಿದ ಆಳದಲ್ಲಿ ಅವರು ನಿಲ್ಲದೆ ಮೇಲಕ್ಕೆ ಬಂದಿದ್ದುದು ತಿಳಿಯಿತು. ಅಂತಹ ಸಂದರ್ಭದಲ್ಲಿ ಅನೇಕ ಮಾದರಿಗಳು 24ರಿಂದ 48 ಗಂಟೆಗಳ ಕಾಲ ತಮ್ಮ ಲೆಕ್ಕವನ್ನು ಸ್ಥಗಿತಗೊಳಿಸುತ್ತವೆ. ಅದು ಕೆಟ್ಟಿರಲಿಲ್ಲ, ‘ಇಂದು ನೀರಿಗಿಳಿಯಬೇಡ’ ಎಂದು ಹೇಳುತ್ತಿತ್ತು. ಬೇರೊಂದು ಕಂಪ್ಯೂಟರ್ ಬಾಡಿಗೆಗೆ ಕೊಡಿರೆಂದು ಅವರು ಕೇಳಿದರು. ನಾನು ಕೊಡಲಿಲ್ಲ. ಅವರ ದೇಹದಲ್ಲಿ ಉಳಿದ ಸಾರಜನಕದ ಅರಿವು ಹೊಸ ಕಂಪ್ಯೂಟರಿಗೆ ಇರುವುದಿಲ್ಲ. ಆ ದಿನ ಒಂದು ಬಾಡಿಗೆ ತಪ್ಪಿತೆಂಬ ವಿಷಾದ ನನಗೆ ಈಗಲೂ ಇಲ್ಲ.

ಇನ್ನು ಕೆಲವರು ಈಜುಕೊಳದಲ್ಲಿ ಆಳ ಕಡಿಮೆ ತೋರಿಸುತ್ತದೆಂದು ದೂರುತ್ತಾರೆ. ಉಪ್ಪುನೀರಿಗೆ ಹೊಂದಿಸಿದ ಉಪಕರಣ ಸಿಹಿನೀರಿನ 10 ಮೀಟರನ್ನು ಸುಮಾರು 9.7 ಎಂದು ತೋರಿಸುವುದು ಸಾಂದ್ರತೆಯ ವ್ಯತ್ಯಾಸದಿಂದ. ಲೆಕ್ಕ ನಡೆಯುವುದು ಒತ್ತಡದ ಮೇಲಾದುದರಿಂದ ಇದರಲ್ಲಿ ಅಪಾಯವಿಲ್ಲ. ದೋಣಿ ಹತ್ತಿದ ಮೇಲೂ ‘ನೀರಿನಲ್ಲಿದ್ದೀರಿ’ ಎಂದು ತೋರಿಸುವ ಕಂಪ್ಯೂಟರಿಗೆ ಸಾಮಾನ್ಯವಾಗಿ ಬೇಕಾದುದು ದುರಸ್ತಿಯಲ್ಲ, ಒಂದು ಚೆಂಬು ಸಿಹಿನೀರು. ನೀರನ್ನು ಗುರುತಿಸುವ ಲೋಹದ ಬಿಂದುಗಳ ನಡುವೆ ಉಪ್ಪು ಕಟ್ಟಿದಾಗ ಹೀಗಾಗುತ್ತದೆ. ಒತ್ತಡ ಅಳೆಯುವ ರಂಧ್ರದಲ್ಲಿ ಉಪ್ಪು, ಮರಳು ತುಂಬಿದರೆ ಆಳದ ಓದೇ ತಪ್ಪಾಗಬಹುದು. ಅದನ್ನು ಸೂಜಿಯಿಂದ ಕೆದಕದೆ ಬೆಚ್ಚನೆಯ ಸಿಹಿನೀರಿನಲ್ಲಿ ನೆನೆಯಿಡಬೇಕು. ಆಮ್ಲಜನಕದ ಪ್ರಮಾಣ ಹೆಚ್ಚಿರುವ ನೈಟ್ರಾಕ್ಸ್ ಬಳಸುವವರು ಪ್ರತಿಸಲವೂ ಮಿಶ್ರಣದ ಅಂಕಿಯನ್ನು ತಾವೇ ನೋಡಿ ಹೊಂದಿಸಬೇಕು. ಶೇಕಡಾ 32ರ ಮಿಶ್ರಣಕ್ಕೆ ಸುಮಾರು 33 ಮೀಟರ್ ಮಿತಿಯಾದರೆ, ಅಂಕಿ ತಪ್ಪಿದಾಗ ಮಿತಿಯೂ ತಪ್ಪುತ್ತದೆ.

ನಮ್ಮ ಕಡೆಯ ತಪ್ಪು

ಆದರೆ ಎಲ್ಲ ತಪ್ಪನ್ನೂ ಗ್ರಾಹಕರ ಮೇಲೆ ಹೊರಿಸುವುದು ನ್ಯಾಯವಲ್ಲ. ತಯಾರಕರೂ ತಪ್ಪುತ್ತಾರೆ. 1990ರ ದಶಕದ ಮಧ್ಯದಲ್ಲಿ ತಯಾರಾದ ಒಂದು ನೈಟ್ರಾಕ್ಸ್ ಕಂಪ್ಯೂಟರ್, ಮುಳುಗುಗಾರ ನೀರಿನಿಂದ ಹೊರಬಂದು ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿರುವಾಗಲೂ ನೈಟ್ರಾಕ್ಸನ್ನೇ ಉಸಿರಾಡುತ್ತಿದ್ದಾನೆಂದು ಭಾವಿಸಿ ಲೆಕ್ಕ ಮಾಡುತ್ತಿತ್ತು. ಮುಂದಿನ ಮುಳುಗಿಗೆ ದೊರೆಯಬೇಕಾದುದಕ್ಕಿಂತ ಹೆಚ್ಚು ಸಮಯವನ್ನು ತೋರಿಸುವ ಅಪಾಯಕಾರಿ ದೋಷವಿದು. ಅಮೆರಿಕದಲ್ಲಿ ಅದನ್ನು ಹಿಂದಕ್ಕೆ ಪಡೆಯುವ ಪ್ರಕಟಣೆ ಹೊರಬಿದ್ದುದು 2003ರಲ್ಲಿ.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಋತುವಿನ ಮಧ್ಯದಲ್ಲಿ ಬಾಡಿಗೆಯ ಕಂಪ್ಯೂಟರೊಂದರ ಬ್ಯಾಟರಿ ಮುಗಿಯಿತು. ತಯಾರಕರ ಅಧಿಕೃತ ಸೇವಾಕೇಂದ್ರಕ್ಕೆ ಕಳುಹಿಸಿದರೆ ವಾರಗಟ್ಟಲೆ ಕಾಯಬೇಕೆಂದು ಪೇಟೆಯ ಗಡಿಯಾರದ ಅಂಗಡಿಯಲ್ಲಿ ಬ್ಯಾಟರಿ ಹಾಕಿಸಿದೆ. ಹಳೆಯ ಓ-ರಿಂಗನ್ನೇ ಮತ್ತೆ ಕೂರಿಸಲಾಗಿತ್ತು, ಒತ್ತಡದಲ್ಲಿಟ್ಟು ಪರೀಕ್ಷಿಸಿರಲಿಲ್ಲ. ಅದನ್ನು ಧರಿಸಿದ ಗ್ರಾಹಕರಿಗೆ ನೀರಿನೊಳಗೆ ಪರದೆ ಖಾಲಿಯಾಯಿತು. ಜೊತೆಯಲ್ಲಿದ್ದ ತರಬೇತುದಾರನ ಕಂಪ್ಯೂಟರ್ ಸರಿಯಾಗಿದ್ದುದರಿಂದ ಇಬ್ಬರೂ ಕ್ರಮವಾಗಿ ಮೇಲಕ್ಕೆ ಬಂದರು. ದಡದಲ್ಲಿ ನಾನು ಮೊದಲು ಆಡಿದ ಮಾತು ‘ನೀವು ಎಲ್ಲಿಗಾದರೂ ತಾಗಿಸಿರಬೇಕು’ ಎಂಬುದು. ಮುಚ್ಚಳ ತೆಗೆದಾಗ ಓ-ರಿಂಗಿನ ಮೇಲೆ ಒಂದು ಕೂದಲೆಳೆ ಅಂಟಿಕೊಂಡಿತ್ತು. ಹಣ ಹಿಂದಿರುಗಿಸಿ ಕ್ಷಮೆ ಕೇಳಿದೆನಾದರೂ ಆ ಮೊದಲ ಮಾತು ನನ್ನನ್ನು ಇಂದಿಗೂ ನಾಚಿಸುತ್ತದೆ.

ಬಾಡಿಗೆಯಲ್ಲಿ ಇನ್ನೊಂದು ಅನಾಹುತಕಾರಿ ಪದ್ಧತಿಯಿದೆ. ಬೆಳಿಗ್ಗೆ ಒಬ್ಬರು ಧರಿಸಿದ ಕಂಪ್ಯೂಟರನ್ನು ಮಧ್ಯಾಹ್ನ ಮತ್ತೊಬ್ಬರಿಗೆ ಕೊಡುವುದು, ಇಲ್ಲವೇ ಇಬ್ಬರ ನಡುವೆ ಒಂದನ್ನೇ ಹಂಚುವುದು. ಉಪಕರಣದಲ್ಲಿರುವುದು ಒಂದು ದೇಹದ ಲೆಕ್ಕ. ಒಬ್ಬರ ಖಾತೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಮುಂದುವರಿಸುವುದನ್ನು ಯಾವ ವ್ಯಾಪಾರಿಯೂ ಒಪ್ಪನು, ಇಲ್ಲೇಕೆ ಒಪ್ಪಬೇಕು?

ಇಷ್ಟು ಅಗತ್ಯವೇ?

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ಸಲ ನೀರಿಗಿಳಿಯುವವರು, 12 ಮೀಟರ್ ಮೀರದೆ ತರಬೇತುದಾರನ ಕೈಹಿಡಿದು ಹೋಗುವವರು. ಅವರಿಗೆ ಇಷ್ಟೆಲ್ಲ ಏಕೆಂದು ಕೆಲವು ಮಿತ್ರರು ವಾದಿಸುತ್ತಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಪ್ರವಾಸಿಗ ದಿನಕ್ಕೆ ಒಂದು ಸಲ ಇಳಿದು ಏರುತ್ತಾನೆ. ಆದರೆ ಕೈಹಿಡಿದ ತರಬೇತುದಾರ ಒಂದು ತಂಡವನ್ನು ಬಿಟ್ಟು ಇನ್ನೊಂದನ್ನು ಕರೆದೊಯ್ಯುತ್ತ ದಿನವಿಡೀ ಇಳಿದು ಏರುತ್ತಾನೆ, ಮರುದಿನವೂ ಅದನ್ನೇ ಮಾಡುತ್ತಾನೆ. ಕಡಿಮೆ ಆಳವೆಂಬ ಧೈರ್ಯದಲ್ಲಿ ಇಂತಹ ಪುನರಾವರ್ತಿತ ಏರಿಳಿತಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆತನ ಕಂಪ್ಯೂಟರಿನಲ್ಲಿ ಪ್ರತಿಯೊಂದು ಏರಿಳಿತವೂ ದಾಖಲಾಗಿರುತ್ತದೆ. ಮಾಲೀಕರು ದಿನದ ಕೊನೆಯಲ್ಲಿ ನಗದು ಪುಸ್ತಕವನ್ನು ನೋಡುವಂತೆ ಆ ದಾಖಲೆಯನ್ನೂ ನೋಡಬೇಕು. ಕೆಲಸಗಾರನ ಆರೋಗ್ಯದ ಲೆಕ್ಕ ಬೇರೆಲ್ಲಿಯೂ ನಮಗೆ ಸಿಗದು.

ಪ್ರವಾಸಿಗರ ವಿಷಯದಲ್ಲಿಯೂ ಒಂದು ಸಂಗತಿ ನಮ್ಮ ನಾಡಿಗೆ ವಿಶೇಷವಾದುದು. ಭಾನುವಾರ ಕಡಲಿಗಿಳಿದವರು ಅಂದೇ ರಾತ್ರಿ ಬಸ್ಸು ಹತ್ತಿ ಘಟ್ಟವೇರಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಸೇರುತ್ತಾರೆ. ವಿಮಾನವೇರುವ ಮೊದಲು ಕಾಯಬೇಕಾದ ಅವಧಿಯನ್ನು ಅಂತರರಾಷ್ಟ್ರೀಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ನಿಲುಗಡೆಯ ಅಗತ್ಯವಿಲ್ಲದ ಒಂದೇ ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗುಗಳಿಗೆ ಕನಿಷ್ಠ 18 ಗಂಟೆ ಎಂದು ಸೂಚಿಸಿದೆ. ಆ ಸೂಚನೆ ಅನ್ವಯಿಸುವುದು ಸುಮಾರು 600ರಿಂದ 2400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ. ವಿಮಾನವಲ್ಲ, ಬಸ್ಸೆಂದ ಮಾತ್ರಕ್ಕೆ ಎತ್ತರ ಕಡಿಮೆಯಾಗುವುದಿಲ್ಲ. ಅನೇಕ ಕಂಪ್ಯೂಟರುಗಳು ವಿಮಾನದ ಚಿತ್ರದೊಡನೆ ಕಾಯಬೇಕಾದ ಗಂಟೆಗಳನ್ನು ತೋರಿಸುತ್ತವೆ. ಅದನ್ನು ಗ್ರಾಹಕರಿಗೆ ತೋರಿಸಿ ವಿವರಿಸುವವರು ನಮ್ಮಲ್ಲಿ ಎಷ್ಟು ಮಂದಿ?

ಮಾಡಬೇಕಾದುದು

ಈ ನಿಟ್ಟಿನಲ್ಲಿ ನನ್ನ ಸಲಹೆಗಳು ಸರಳವಾದವು. ಮೊದಲನೆಯದಾಗಿ, ಪ್ರತಿ ಕಂಪ್ಯೂಟರಿಗೂ ಒಂದು ಕ್ರಮಸಂಖ್ಯೆ ನೀಡಿ, ಯಾವ ದಿನ ಯಾರಿಗೆ ಕೊಡಲಾಯಿತು, ಬ್ಯಾಟರಿ ಮತ್ತು ಓ-ರಿಂಗ್ ಯಾವಾಗ ಬದಲಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ಎರಡನೆಯದಾಗಿ, ಋತುವಿನ ಆರಂಭದಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಹಗ್ಗಕ್ಕೆ ಕಟ್ಟಿ 10 ಮೀಟರಿಗೆ ಇಳಿಸಿ ಓದುಗಳನ್ನು ಹೋಲಿಸಬೇಕು. ಉಳಿದವುಗಳಿಗಿಂತ ಬೇರೆಯಾದ ಓದು ತೋರಿಸುವುದನ್ನು ಬದಿಗಿಡಬೇಕು. ಇದಕ್ಕೆ ತಗಲುವ ಖರ್ಚು ಹಗ್ಗದ್ದು ಮಾತ್ರ. ಮೂರನೆಯದಾಗಿ, ಮಾರಾಟಗಾರರು ದಪ್ಪನೆಯ ಇಂಗ್ಲಿಷ್ ಕೈಪಿಡಿಯ ಜೊತೆಗೆ ಒಂದು ಪುಟದ ಕನ್ನಡ ಸೂಚನೆಯನ್ನು ಕೊಡಬೇಕು. ನಾಲ್ಕನೆಯದಾಗಿ, ಘಟ್ಟವೇರುವ ಸಮಯವನ್ನು ಮುಂಗಡ ಕಾದಿರಿಸುವಾಗಲೇ ವಿಚಾರಿಸಿ, ಡೈವಿಂಗನ್ನು ಶನಿವಾರಕ್ಕೆ ಹೊಂದಿಸಬೇಕು. ಭಾನುವಾರ ಕಡಲತೀರದಲ್ಲಿ ಕಳೆಯುವ ಪ್ರವಾಸಿಗನಿಂದ ಊರಿನ ಹೋಟೆಲಿಗೂ ಲಾಭವೇ.

ಐದನೆಯದು ನಮ್ಮ ವಾಣಿಜ್ಯ ಸಂಸ್ಥೆಗೆ ಸಂಬಂಧಿಸಿದ್ದು. ಬ್ಯಾಟರಿ ಬದಲಾಯಿಸಿದ ಬಳಿಕ ನೀರು ಸೋರುವುದೇ ಎಂದು ನೋಡುವ ಒತ್ತಡ ಪರೀಕ್ಷೆಯ ಪಾತ್ರೆ ದೊಡ್ಡ ಯಂತ್ರವೇನಲ್ಲ. ಒಬ್ಬೊಬ್ಬರೂ ಕೊಳ್ಳುವುದು ವ್ಯರ್ಥ. ಸಂಸ್ಥೆಯ ಆಶ್ರಯದಲ್ಲಿ ಎಲ್ಲರಿಗೂ ಒಂದು ಸಾಕು. ಅದನ್ನು ಬಳಸಲು ಸ್ಥಳೀಯ ಯುವಕರಿಬ್ಬರಿಗೆ ತರಬೇತಿ ಕೊಡಿಸಿದರೆ ಅವರಿಗೊಂದು ಜೀವನೋಪಾಯವೂ ಆದೀತು. ಆಮದುದಾರರು ಋತುವಿಗೆ ಮೊದಲು ಬಿಡಿಭಾಗಗಳ ದಾಸ್ತಾನನ್ನು ಕರಾವಳಿಯಲ್ಲಿಯೇ ಇಡುವಂತೆ ಸಂಸ್ಥೆಯೇ ಒಟ್ಟಾಗಿ ಕೇಳಿದರೆ, ಒಬ್ಬಂಟಿ ವ್ಯಾಪಾರಿಯ ಪತ್ರಕ್ಕಿಂತ ಅದಕ್ಕೆ ಹೆಚ್ಚಿನ ಬೆಲೆಯಿರುತ್ತದೆ.

ಒಂದು ಅವಘಡ ಸಂಭವಿಸಿದರೆ ಪತ್ರಿಕೆಗಳಲ್ಲಿ ಬರುವುದು ಒಂದು ಅಂಗಡಿಯ ಹೆಸರಲ್ಲ, ಊರಿನ ಹೆಸರು. ನಷ್ಟ ದೋಣಿಯವನಿಂದ ಚಹದಂಗಡಿಯವನವರೆಗೆ ಎಲ್ಲರದು. ಆದುದರಿಂದ ಬರುವ ಋತುವಿಗೆ ಮೊದಲು ನಡೆಯುವ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ. ಪರೀಕ್ಷಾ ಪಾತ್ರೆಯ ಖರ್ಚಿನಲ್ಲಿ ನನ್ನ ಪಾಲನ್ನು ಕೊಡಲು ನಾನು ಸಿದ್ಧನಿದ್ದೇನೆ.