ಟಯರ್ ದೊಡ್ಡದು, ಗೇರ್ ಹಳೇದು!

ಭಾನುವಾರ ಬೆಳಿಗ್ಗೆ ವಾಶಿಯಿಂದ ಬೇಲಾಪುರದ ತನಕ ಪಾಮ್ ಬೀಚ್ ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ. ಥಾರ್, ಜಿಮ್ನಿ, ಗೂರ್ಖಾ... ಎಲ್ಲವೂ ತುದಿಗಾಲಲ್ಲಿ ನಿಂತ ಹಾಗೆ ಎದ್ದು ನಿಂತಿರುತ್ತವೆ. ಅಡಿಗೆ ಲಿಫ್ಟ್ ಕಿಟ್, ಬದಿಗೆ ಗುಡಾಣದಂಥ ಟಯರು. ಎಂ.ಎಚ್. 04, 05, 43, ಅಂದರೆ ಠಾಣೆ, ಕಲ್ಯಾಣ, ನವಿ ಮುಂಬಯಿ, ಯಾವುದೂ ಹಿಂದೆ ಬಿದ್ದಿಲ್ಲ. ಅದರಲ್ಲಿ ನಮ್ಮವರ ಗಾಡಿಗಳೂ ಕಡಿಮೆ ಇಲ್ಲ ಮಾರಾಯ್ರೆ. ಹಿಂದಿನ ಗಾಜಿನ ಮೇಲೆ ‘ಸ್ವಾಮಿ ಕೊರಗಜ್ಜ’ ಎಂದು ಬರೆದಿದ್ದರೆ ಸಾಕು, ಮೇ ತಿಂಗಳಲ್ಲಿ ಈ ಗಾಡಿ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಊರಿಗೆ ಹೊರಡುತ್ತದೆ ಅಂತ ಗೊತ್ತಾಗಿಬಿಡುತ್ತದೆ.

ನನ್ನ ತಕರಾರು ದೊಡ್ಡ ಟಯರಿನ ಮೇಲಲ್ಲ. ಅವರವರ ದುಡ್ಡು, ಅವರವರ ಶೋಕಿ. ಟಯರನ್ನು ಮಾತ್ರ ಕೊಂಡು ಅದಕ್ಕೆ ತಕ್ಕ ಆಕ್ಸಲ್ ಗೇರನ್ನು ಕೊಳ್ಳದವರ ಮೇಲೆ ನನ್ನ ತಕರಾರು. ಅದಕ್ಕಿಂತ ಹೆಚ್ಚಾಗಿ, ಗೇರಿನ ಮಾತನ್ನೇ ಎತ್ತದೆ ಟಯರು ಮಾರುವವರ ಮೇಲೆ. ಇವೆರಡು ಬೇರೆ ಬೇರೆ ಸಾಮಾನಲ್ಲ ಸ್ವಾಮೀ. ಪಾದದ ಅಳತೆ ಬಿಟ್ಟು ಚಪ್ಪಲಿ ಕೊಳ್ಳುತ್ತೀರಾ?

ನಮ್ಮ ಡೊಂಬಿವಲಿ ಸೊಸೈಟಿಯ ಹುಡುಗನೊಬ್ಬ ಟಯರು ಹಾಕಿಸಲು ಹೋದ ಅಂಗಡಿಯಲ್ಲಿ (ಹೆಸರು ಬೇಡ) ಗೇರಿನ ಬಗ್ಗೆ ಕೇಳಿದ್ದಕ್ಕೆ ಬಂದ ಉತ್ತರ: "ಕುಛ್ ನಹೀಂ ಹೋತಾ ಸರ್, ಇಂಜಿನ್ ಮೇ ದಮ್ ಹೈ." ದಮ್ ಇದೆ, ನಿಜ. ಥಾರಿನ 2.2 ಲೀಟರ್ ಡೀಸೆಲಿಗೆ 130 ಅಶ್ವಶಕ್ತಿ. ಆದರೆ ಆ ದಮ್ ನೆಲ ಮುಟ್ಟುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಲೆಕ್ಕ ಸುಲಭ. 2020ರಲ್ಲಿ ಬಂದ ಥಾರಿನ 16 ಇಂಚಿನ ರಿಮ್ಮಿಗೆ ಕಂಪನಿ ಕೊಟ್ಟ ಟಯರು 245/75 ಆರ್16. 245ರ ಶೇಕಡಾ 75 ಅಂದರೆ ಬದಿಗೋಡೆ 184 ಮಿ.ಮೀ. ಅದನ್ನು ಎರಡು ಪಟ್ಟು ಮಾಡಿ 16 ಇಂಚಿನ ರಿಮ್ ಕೂಡಿಸಿದರೆ ಒಟ್ಟು ಎತ್ತರ 774 ಮಿ.ಮೀ., ಸುಮಾರು ಮೂವತ್ತೂವರೆ ಇಂಚು. ಈಗ ನೀವು 33 ಇಂಚಿನದು ಹಾಕಿದಿರಿ ಅನ್ನಿ, ಚಕ್ರ ಶೇಕಡಾ 8 ದೊಡ್ಡದಾಯಿತು. 35 ಹಾಕಿದರೆ ಶೇಕಡಾ 15.

ಆಕ್ಸಲ್ ಒಳಗಿರುವ ಕ್ರೌನ್ ಮತ್ತು ಪಿನಿಯನ್ನಿಗೆ ಈ ಸುದ್ದಿ ಗೊತ್ತೇ ಇಲ್ಲ! ಉದಾಹರಣೆಗೆ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11 ಅಂದುಕೊಳ್ಳಿ (ನಿಮ್ಮ ಗಾಡಿಯದ್ದು ಎಷ್ಟೆಂದು ಕಂಪನಿಯ ಪುಸ್ತಕದಲ್ಲಿ ನೋಡಿ). ಅನುಪಾತ 3.73. 35 ಇಂಚಿನ ಟಯರು ಹಾಕಿದ ದಿನ ಅದು 3.25 ಆದ ಹಾಗೆ. ಯಾವ ಗೇರಿನಲ್ಲಿದ್ದರೂ ನೆಲವನ್ನು ತಳ್ಳುವ ಬಲ ಶೇಕಡಾ 13 ಕಡಿಮೆ. ಮೇಲಿಂದ ಟಯರಿನ ತೂಕ ಬೇರೆ. ಫಲ? ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಎರಡಕ್ಕೆ ಬರುತ್ತದೆ. ಐದು, ಆರನೇ ಗೇರು ಹೆಸರಿಗೆ ಮಾತ್ರ. ಶಿಲ್‌ಫಾಟಾದ ಜಾಮಿನಲ್ಲಿ ಮೊದಲ ಗೇರು ಸಾಲದೆ ಅರ್ಧ ಕ್ಲಚ್ಚಿನಲ್ಲೇ ತೆವಳುವುದು, ಆಮೇಲೆ ಸುಟ್ಟ ವಾಸನೆ, ಆಮೇಲೆ "ಕಂಪನಿಯ ಕ್ಲಚ್ಚೇ ಸರಿ ಇಲ್ಲ" ಎಂಬ ಬೈಗುಳ.

ಹತ್ತುವುದು ಬಿಡಿ, ಇಳಿಯುವ ಮಾತಿಗೆ ಬನ್ನಿ. ಅಲ್ಲಿ ಹೋಗುವುದು ಜೀವ. ಘಾಟಿ ಇಳಿಯುವಾಗ ಗಾಡಿಯನ್ನು ಹಿಡಿದು ನಿಲ್ಲಿಸುವುದು ಬ್ರೇಕ್ ಒಂದೇ ಅಲ್ಲ, ಕೆಳಗಿನ ಗೇರಿನಲ್ಲಿರುವ ಇಂಜಿನ್ ಕೂಡ. ಗೇರು ಬದಲಾಯಿಸದಿದ್ದರೆ ಆ ಹಿಡಿತವೂ ಅಷ್ಟೇ ಶೇಕಡಾ 13 ಹೋಯಿತು. ಉಳಿದ ಭಾರವೆಲ್ಲ ಬ್ರೇಕಿನ ಮೇಲೆ. ಚಕ್ರದ ತ್ರಿಜ್ಯ ಹೆಚ್ಚಿದಷ್ಟು ಅದೇ ಬ್ರೇಕಿನ ಬಿಗಿ ನೆಲದಲ್ಲಿ ಕಡಿಮೆಯಾಗುತ್ತದೆ, ಆದ್ದರಿಂದ ಬ್ರೇಕಿಗೂ ಎರಡು ಕಡೆಯಿಂದ ಪೆಟ್ಟು. ಪನ್ವೇಲ್ ದಾಟಿ ಹಿಂದೆ 17 ಆಗಿದ್ದ ಈಗಿನ 66ರಲ್ಲಿ ಊರಿಗೆ ಹೋಗುವವರು ಪರಶುರಾಮ ಘಾಟಿಯನ್ನು ನೆನಪಿಸಿಕೊಳ್ಳಿ. ಆಂಬೋಲಿ ಮೇಲೆ ಬೆಳಗಾವಿಗೆ ಹೋಗುವವರು, ಆಗುಂಬೆ, ಚಾರ್ಮಾಡಿ ಇಳಿಯುವವರು... ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾರೆ, ಅಜ್ಜಿ ಇದ್ದಾರೆ. ನನ್ನ ಸಿಟ್ಟಿಗೆ ಕಾರಣ ಇಷ್ಟೇ.

ಮೀಟರಿನ ಸುಳ್ಳು ಬೇರೆ. ಮೀಟರಿನಲ್ಲಿ 80 ಇದ್ದರೆ 33 ಇಂಚಿನಲ್ಲಿ ನೀವು ಸುಮಾರು 87ರಲ್ಲಿ, 35ರಲ್ಲಿ 92ರಲ್ಲಿ ಓಡುತ್ತಿದ್ದೀರಿ. ಕಂಪನಿಗಳು ಮೀಟರನ್ನು ಸ್ವಲ್ಪ ಹೆಚ್ಚಿಗೆ ತೋರಿಸುವ ಹಾಗೇ ಮಾಡಿರುತ್ತವೆ, ಆದರೆ ಇಷ್ಟನ್ನು ಅದು ನುಂಗಲಾರದು. ಕ್ಯಾಮೆರಾ ಚಲನ್ ಬಂದಾಗ "ನಾನು ಎಂಬತ್ತರಲ್ಲೇ ಇದ್ದೆ" ಅಂತ ಯಾರ ಹತ್ತಿರ ಹೇಳುತ್ತೀರಿ?

ಹಾಗಾದರೆ ದಾರಿ ಯಾವುದು? ಹಳೇ ಅನುಪಾತವನ್ನು ಹೊಸ ಟಯರಿನ ಎತ್ತರದಿಂದ ಗುಣಿಸಿ, ಹಳೇ ಟಯರಿನ ಎತ್ತರದಿಂದ ಭಾಗಿಸಿ. 3.73 ಇರುವ ಗಾಡಿಗೆ 33 ಇಂಚು ಹಾಕಿದರೆ ಬೇಕಾದದ್ದು 4.04. ಹತ್ತಿರದ ಸೆಟ್ 4.10, ಅಂದರೆ 41ಕ್ಕೆ 10 ಹಲ್ಲು. ನೋಡಿ, ಪಿನಿಯನ್ನಿನ ಒಂದೇ ಒಂದು ಹಲ್ಲಿನ ಅಂತರ! 35ಕ್ಕೆ 4.28 ಬೇಕು, 43ಕ್ಕೆ 10 ಹಲ್ಲಿನ 4.30 ಸರಿಹೋಗುತ್ತದೆ.

ಫೋರ್ ವೀಲ್ ಗಾಡಿಗಾದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತ ಹಾಕಿಸಬೇಕು. "ಸದ್ಯಕ್ಕೆ ಹಿಂದಿನದು ಮಾಡಿಸಿ, ಮುಂದಿನದು ದೀಪಾವಳಿಗೆ ನೋಡೋಣ" ಎನ್ನುವ ಮೆಕ್ಯಾನಿಕ್ ಸಿಕ್ಕಿದರೆ ಕೈಮುಗಿದು ಬಂದುಬಿಡಿ. ಫೋರ್ ವೀಲ್ ಹಾಕಿದ ಕ್ಷಣ ಮುಂದಿನದೊಂದು ಲೆಕ್ಕದಲ್ಲಿ, ಹಿಂದಿನದೊಂದು ಲೆಕ್ಕದಲ್ಲಿ ತಿರುಗಿ, ನಡುವಿನ ಟ್ರಾನ್ಸ್‌ಫರ್ ಕೇಸ್ ಜಗ್ಗಾಟಕ್ಕೆ ಸಿಕ್ಕಿ ಏನಾದರೊಂದು ಮುರಿಯುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಬೇಕು. ಐದು ಟಯರಿನ ದುಡ್ಡಿಲ್ಲದಿದ್ದರೆ ನಾಲ್ಕು ಕೂಡ ಕೊಳ್ಳಬೇಡಿ.

ಇನ್ನು ಕ್ರೌನ್-ಪಿನಿಯನ್ ಕೂರಿಸುವುದು ನಟ್ಟು ಬಿಗಿದಷ್ಟು ಸುಲಭವಲ್ಲ. ಹಲ್ಲು ಹಲ್ಲಿನ ನಡುವಿನ ಸಂದು ಅಳೆಯಬೇಕು, ಶಿಮ್ ಹಾಕಿ ಪಿನಿಯನ್ನಿನ ಆಳ ಸರಿಮಾಡಬೇಕು, ಹಲ್ಲಿಗೆ ಬಣ್ಣ ಸವರಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆ ಅಂತ ನೋಡಬೇಕು. ಅಳೆಯುವ ಡಯಲ್ ಗೇಜ್ ಇಲ್ಲದ ಗ್ಯಾರೇಜಿನವನು ಕೈಯಲ್ಲಿ ಅಲ್ಲಾಡಿಸಿ "ಪರ್ಫೆಕ್ಟ್" ಎಂದರೆ ಕೆಲವೇ ದಿನಗಳಲ್ಲಿ ಗುಂಯ್ ಎಂಬ ಸದ್ದು ಗ್ಯಾರಂಟಿ. ಅಂದ ಹಾಗೆ ಗೇರು ಬದಲಾದರೂ ಬ್ರೇಕ್ ಮಾತ್ರ ಹಳೇದೇ. ಗೇರು ವಾಪಸು ಕೊಡುವುದು ಇಂಜಿನಿನ ಹಿಡಿತವನ್ನು, ಬ್ರೇಕಿನದ್ದನ್ನಲ್ಲ. ಇದನ್ನೂ ಮರೆಯಬೇಡಿ.

"ಅಂಕಲ್, ನಮ್ಮ ಕಲ್ಯಾಣ-ಶಿಲ್ ರಸ್ತೆಯ ಹೊಂಡ ನೋಡಿದ್ದೀರಾ? ಲಿಫ್ಟ್ ಬೇಕೇ ಬೇಕು" ಅನ್ನುತ್ತಾರೆ ಹುಡುಗರು. ನೋಡಿದ್ದೇನೆ ಮಗಾ, ಎಷ್ಟೋ ಮಳೆಗಾಲದಿಂದ ನೋಡುತ್ತಿದ್ದೇನೆ. ಆದರೆ ಹೊಂಡದ ಪೆಟ್ಟು ತಡೆಯುವುದು ಲಿಫ್ಟ್ ಅಲ್ಲ, ಟಯರಿನ ಬದಿಗೋಡೆ. ಅದೇ ಥಾರಿನ 18 ಇಂಚಿನ ರಿಮ್ಮಿನ ಟಯರಿಗೆ (255/65) ಬದಿಗೋಡೆ 166 ಮಿ.ಮೀ. ಮಾತ್ರ, ಆದರೆ 16 ಇಂಚಿನದ್ದಕ್ಕೆ 184. ಹೊಂಡಕ್ಕೆ ಚಿಕ್ಕ ರಿಮ್ಮೇ ಮದ್ದು! ಇನ್ನೊಂದು ಗುಟ್ಟು: ಲಿಫ್ಟ್ ಕಿಟ್ ಹಾಕಿದರೆ ಮೇಲೇಳುವುದು ಬಾಡಿ. ಹಿಂದಿನ ಗಟ್ಟಿ ಆಕ್ಸಲಿನ ನಡುವೆ ನೇತಾಡುವ ಆ ಗುಂಡು ಇದೆಯಲ್ಲ, ಅದು ಒಂದು ಮಿಲಿಮೀಟರೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟಯರು ಮಾತ್ರ, ಅದೂ ಟಯರು ಬೆಳೆದದ್ದರ ಅರ್ಧದಷ್ಟು. ಎರಡಿಂಚು ಲಿಫ್ಟ್ ಮಾಡಿಸಿ "ಈಗ ಕಲ್ಲು ತಾಗಲ್ಲ" ಅಂದರೆ ಕಲ್ಲು ಕೇಳುತ್ತದೆಯೇ?

ನಮ್ಮ ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿ ಬಂತಲ್ಲ ಅಂತ ಬೇಜಾರು. ಕಾಫಿ ತೋಟದ ಕೆಸರಿನಲ್ಲಿ ಆಳು, ಗೊಬ್ಬರ, ಮೂಟೆ ಎಲ್ಲ ಹೇರಿಕೊಂಡು ಏರುತ್ತಿದ್ದ ಹಳೇ ಜೀಪುಗಳ ಟಯರು ಎಷ್ಟು ದಪ್ಪ ಇತ್ತು? ಅವುಗಳ ಮೂಲವಾದ ಯುದ್ಧಕಾಲದ ವಿಲ್ಲಿಸ್ ಜೀಪಿಗೆ 60 ಅಶ್ವಶಕ್ತಿ, 6.00-16ರ ಸಪೂರ ಟಯರು. ಆಕ್ಸಲ್ ಅನುಪಾತ ಮಾತ್ರ 4.88! ಸಣ್ಣ ಇಂಜಿನ್, ಸಣ್ಣ ಟಯರು, ಬಲವಾದ ಗೇರು. ಗುಡ್ಡ ಹತ್ತಿಸಿದ್ದು ಹಲ್ಲಿನ ಲೆಕ್ಕ, ಟಯರಿನ ಗಾತ್ರವಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಹಾಗೆ ಬದಲಾಯಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾರುವ ಅಂಗಡಿಯವರು ಇದನ್ನು ರಸೀದಿಯ ಮೇಲೆ ಅಚ್ಚು ಹಾಕಿಸಬೇಕಿತ್ತು, ಹಾಕಿಸುವುದಿಲ್ಲ. ಅಪಘಾತವಾದ ದಿನ ವಿಮೆಯವರ ಸರ್ವೇಯರ್ ಬಂದು ನಿಂತಾಗ ಅಂಗಡಿಯವನು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು. ಟಯರು ಸವೆದಿದ್ದರೆ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟಯರು ಹಾಕಿಸಿ, ಮಾಲ್ಶೇಜ್ ಘಾಟಿಗೂ ಸಾಕು, ಮಲೆನಾಡಿಗೂ ಸಾಕು. ಇಲ್ಲ, ದೊಡ್ಡದೇ ಬೇಕು ಎಂಬ ಹಠವಿದ್ದರೆ ಮೊದಲು ಆರ್‌ಟಿಒ ಏನು ಹೇಳುತ್ತದೆ ಅಂತ ಕಾಗದದಲ್ಲಿ ಕೇಳಿ. ಆಮೇಲೆ ಅಂಗಡಿಯವನ ಹತ್ತಿರ ಒಂದೇ ಪ್ರಶ್ನೆ: "ಈ ಟಯರಿಗೆ ಎಷ್ಟು ಹಲ್ಲಿನ ಕ್ರೌನ್-ಪಿನಿಯನ್, ಎರಡೂ ಆಕ್ಸಲಿಗೆ ಸಿಗುತ್ತದೆಯೇ?" ಉತ್ತರದ ಬದಲು ನಗು ಬಂದರೆ ಪರ್ಸು ಜೇಬಿನಲ್ಲೇ ಇರಲಿ. ಗೇರಿಗೆ ಗತಿ ಇಲ್ಲದ ಕಡೆ ದೊಡ್ಡ ಟಯರಿಗೆ ಜಾಗ ಇಲ್ಲ.

ನೀವೇನಂತೀರಿ?