ನಲವತ್ತೆರಡು ಕಿಲೋಮೀಟರಿನ ಬುತ್ತಿ

ಪರಊರಿಗೆ ಹೊರಟವರ ಕೈಗೆ ಬುತ್ತಿಯ ಗಂಟನ್ನಿತ್ತು ಬೀಳ್ಕೊಡುವುದು ನಮ್ಮ ಮನೆಗಳ ಹಳೆಯ ಪದ್ಧತಿ. ದಾರಿಯ ದೂರ, ಋತುವಿನ ಸ್ವಭಾವ, ಹೊರಟವರ ಹೊಟ್ಟೆಯ ಗುಣ ಇವು ಮೂರನ್ನೂ ತೂಗಿ ನೋಡಿಯೇ ಮನೆಯ ಹಿರಿಯ ಹೆಂಗಸರು ಆ ಗಂಟನ್ನು ಕಟ್ಟುತ್ತಿದ್ದರು. ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಮನೆಗಳಿಂದ ಹೊಸ ಬಗೆಯ ಪಯಣಿಗರು ಹೊರಡತೊಡಗಿದ್ದಾರೆ. ಅವರಲ್ಲಿ ಬ್ಯಾಂಕಿನ ನೌಕರರಿದ್ದಾರೆ, ಉಪಾಧ್ಯಾಯಿನಿಯರಿದ್ದಾರೆ, ನಿವೃತ್ತಿಯ ಅಂಚಿಗೆ ಬಂದ ಇಂಜಿನಿಯರರಿದ್ದಾರೆ. ಅವರು ಕ್ರಮಿಸಬೇಕಾದ ದೂರ 42 ಕಿಲೋಮೀಟರು, 195 ಮೀಟರು, ಅದೂ ಓಡಿ. 2004ರಲ್ಲಿ ಮುಂಬಯಿಯ ಮ್ಯಾರಥಾನ್ ಆರಂಭವಾದ ಮೇಲಂತೂ, ಜನವರಿ ಬಂತೆಂದರೆ ಅಲ್ಲಿಗೆ ಹೊರಡುವ ಕನ್ನಡಿಗರೂ ಕಡಿಮೆಯಲ್ಲ. ಇಂಥವರ ಚೀಲದಲ್ಲಿ ಏನಿರಬೇಕು ಎಂಬುದೇ ಈ ವಾರದ ನಮ್ಮ ವಿಚಾರ.

ಈ ವಿಚಿತ್ರ ಲೆಕ್ಕದ ದೂರ ಬಂದುದಾದರೂ ಎಲ್ಲಿಂದ? 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವು ವಿಂಡ್ಸರ್ ಅರಮನೆಯ ಬಳಿ ಆರಂಭವಾಗಿ, ಕ್ರೀಡಾಂಗಣದಲ್ಲಿ ರಾಜಪರಿವಾರದ ಆಸನಗಳ ಮುಂದೆ ಮುಗಿಯಿತು. ಆ ದಿನದ ಅಳತೆಯೇ 1921ರಲ್ಲಿ ಸ್ಥಿರವಾಗಿ ನಿಂತಿತು. ಅದಕ್ಕೆ ಮೊದಲು ದೂರವು ಊರಿಂದೂರಿಗೆ ಬದಲಾಗುತ್ತಿತ್ತು. 1920ರಲ್ಲಿ ಆಂಟ್ವರ್ಪಿನ ಒಲಿಂಪಿಕ್ಸಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಓಡಿದ್ದು 42.75 ಕಿಲೋಮೀಟರು. ಅದನ್ನು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ ಅವರು 19ನೆಯವರಾಗಿ ಬಂದರು. ನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನವನೊಬ್ಬ ಈ ದಾರಿಯನ್ನು ತುಳಿದಿದ್ದಾನೆಂಬುದು, ಇಂದು ಚೀಲ ಕಟ್ಟುತ್ತಿರುವವರಿಗೆ ಸಣ್ಣ ಧೈರ್ಯವಲ್ಲ.

ಇನ್ನು ಚೀಲದ ಮಾತು. ಮೊದಲನೆಯ ಸೂತ್ರ ಒಂದೇ: ಓಟದ ದಿನ ಯಾವುದೂ ಹೊಸತಾಗಿರಬಾರದು. ಮದುವೆಗೆ ಹೊಸ ರೇಷ್ಮೆ ಶೋಭಿಸೀತು. ಮ್ಯಾರಥಾನಿಗೆ ಹಳೆಯ ಬನಿಯನೇ ಲೇಸು. ರೋಮ್ ನಗರದಲ್ಲಿ 1960ರ ಸೆಪ್ಟೆಂಬರ್ 10ರಂದು ಇಥಿಯೋಪಿಯಾದ ಅಬೆಬೆ ಬಿಕಿಲನು ಬರಿಗಾಲಿನಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಚಿನ್ನದ ಪದಕ ಗೆದ್ದ ಕಥೆಯನ್ನು ಅನೇಕರು ಕೇಳಿದ್ದಾರೆ. ಹೊಸದಾಗಿ ದೊರೆತ ಪಾದರಕ್ಷೆ ಕಾಲಿಗೆ ಒಗ್ಗದೆ ನೀರ್ಗುಳ್ಳೆ ಎಬ್ಬಿಸಿದ್ದರಿಂದ ಅವನು, ಅಭ್ಯಾಸದಲ್ಲಿ ರೂಢಿಯಾಗಿದ್ದ ಬರಿಗಾಲನ್ನೇ ನೆಚ್ಚಿದನು. ನಾಲ್ಕು ವರ್ಷಗಳ ತರುವಾಯ ಟೋಕಿಯೋದಲ್ಲಿ, ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳು ಕಳೆದಿದ್ದಾಗ, ಅದೇ ಬಿಕಿಲನು ಬೂಟು ತೊಟ್ಟು ಓಡಿ ಮತ್ತೆ ಗೆದ್ದನು. ಬರಿಗಾಲು ಮೇಲೋ ಬೂಟು ಮೇಲೋ ಎಂಬ ಚರ್ಚೆಗೆ ಈ ಕಥೆಯಲ್ಲಿ ಉತ್ತರವಿಲ್ಲ. ಕಾಲು ಯಾವುದನ್ನು ಬಲ್ಲುದೋ ಅದೇ ಮೇಲು. ಆದುದರಿಂದ ಹಲವು ದೂರದ ಓಟಗಳಲ್ಲಿ ಪಳಗಿದ ಬೂಟು, ಒಗೆದು ಮೃದುವಾದ ಕಾಲುಚೀಲ, ಹಿಂದೆಯೂ ಬೆವರು ಕುಡಿದು ಒಗ್ಗಿದ ಅಂಗಿ ಇವೇ ಚೀಲಕ್ಕೆ ಸೇರಲಿ. ಕಾಲಿನ ಉಗುರುಗಳನ್ನು ಎರಡು ಮೂರು ದಿನ ಮೊದಲೇ ಕತ್ತರಿಸಿರಲಿ. ತೊಡೆಯ ಸಂದು, ಕಂಕುಳು, ಗಂಡಸರಾದರೆ ಎದೆಯ ತೊಟ್ಟು ಇವು ಬಟ್ಟೆಯ ಉಜ್ಜಾಟಕ್ಕೆ ನಾಲ್ಕು ಗಂಟೆಗಳಲ್ಲಿ ಕೆಂಡದಂತಾಗುವ ಜಾಗಗಳು. ಅವಕ್ಕೆ ಬಳಿಯಲು ವ್ಯಾಸಲೀನಿನ ಸಣ್ಣ ಡಬ್ಬಿಯೊಂದು ಅವಶ್ಯ.

ಎರಡನೆಯದು ಎದೆಯ ಮೇಲಿನ ಸಂಖ್ಯೆಯ ಚೀಟಿ, ಅಂದರೆ ಬಿಬ್. ಓಟಗಾರನು ಗೆರೆ ದಾಟಿದ ಕಾಲವನ್ನು ಗುರುತಿಸುವ ಪುಟ್ಟ ಯಂತ್ರ ಸಾಮಾನ್ಯವಾಗಿ ಇದಕ್ಕೇ ಅಂಟಿಕೊಂಡಿರುತ್ತದೆ. ಇದನ್ನು ಹಿಂದಿನ ರಾತ್ರಿಯೇ ನಾಲ್ಕು ಪಿನ್ನುಗಳಿಂದ ಅಂಗಿಗೆ ಸಿಕ್ಕಿಸಿಡುವುದು ಜಾಣತನ. ನಸುಕಿನ ಕತ್ತಲಲ್ಲಿ, ನಡುಗುವ ಬೆರಳುಗಳಿಂದ ಆಗುವ ಕೆಲಸವಲ್ಲ ಅದು. ಈ ಕಾಗದದ ತುಂಡಿಗೆ ತನ್ನದೇ ಒಂದು ಚರಿತ್ರೆಯುಂಟು. 1967ರಲ್ಲಿ ಬೋಸ್ಟನ್ನಿನ ಓಟಕ್ಕೆ ಕ್ಯಾಥರೀನ್ ಸ್ವಿಟ್ಜರ್ ಎಂಬ ಯುವತಿ ತನ್ನ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು 261ನೆಯ ಸಂಖ್ಯೆ ಪಡೆದಿದ್ದಳು. ಹೆಣ್ಣೊಬ್ಬಳು ಓಡುತ್ತಿರುವುದನ್ನು ಕಂಡ ಅಧಿಕಾರಿಯೊಬ್ಬನು ನಡುದಾರಿಯಲ್ಲಿ ಮೇಲೆ ಬಿದ್ದು ಆ ಚೀಟಿಯನ್ನು ಕೀಳಲು ಯತ್ನಿಸಿದನು. ಆಕೆ ಓಟ ಮುಗಿಸಿಯೇ ನಿಂತಳು. ಅಲ್ಲಿ ಸ್ತ್ರೀಯರಿಗೆ ವಿಧ್ಯುಕ್ತ ಪ್ರವೇಶ ದೊರೆತದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ಇಂದು ಅಡುಗೆಮನೆಯ ಮೇಜಿನ ಮೇಲೆ ತನ್ನ ಸಂಖ್ಯೆಗೆ ಪಿನ್ನು ಚುಚ್ಚುವ ಗೃಹಿಣಿ, ಅದು ಪುಕ್ಕಟೆಯಾಗಿ ಬಂದುದಲ್ಲವೆಂದು ಒಂದು ಕ್ಷಣ ನೆನೆದರೆ ಸಾಕು.

ಮೂರನೆಯದು ಅನ್ನ ಮತ್ತು ನೀರು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುವ ಗ್ಲೈಕೋಜನ್ ಎಂಬ ಪಿಷ್ಟವೇ ಓಟದ ಮುಖ್ಯ ಇಂಧನ. ಸಾಮಾನ್ಯವಾಗಿ 30ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಅದು ಬರಿದಾಗುತ್ತ ಬರುತ್ತದೆ. ಆಗ ಕಾಲು ಸೀಸದಂತೆ ಭಾರವಾಗಿ, ಎದುರಿಗೆ ಗೋಡೆಯೇ ಎದ್ದಂತಾಗುತ್ತದೆ. ಹಿಂದಿನ ದಿನಗಳಲ್ಲಿ ಅನ್ನ, ಇಡ್ಲಿ, ಬಾಳೆಹಣ್ಣುಗಳಂಥ ಆಹಾರವನ್ನು ತುಸು ಹೆಚ್ಚಾಗಿ ಉಣ್ಣುವುದು, ಓಡುವಾಗ ಅಭ್ಯಾಸವಿರುವ ಸಿಹಿಯನ್ನು ಆಗಾಗ ಬಾಯಿಗೆ ಹಾಕಿಕೊಳ್ಳುವುದು ಆ ಗೋಡೆಯನ್ನು ದೂರ ತಳ್ಳುವ ಉಪಾಯಗಳು. ಆದರೆ ಪ್ರೀತಿಯಿಂದ ಮಾಡಿದ ಹೋಳಿಗೆ, ಖಾರದ ಪಲ್ಯಗಳನ್ನು ಓಟದ ಮರುದಿನಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ನೀರಿನ ವಿಷಯದಲ್ಲಿ ಎರಡು ತುದಿಗಳೂ ಅಪಾಯದವು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ, ಬಿಸಿಲು ಮತ್ತು ಧೂಳಿನ ದಾರಿಯಲ್ಲಿ, ನೀರನ್ನು ಬೇಕೆಂದೇ ಮಿತಗೊಳಿಸಲಾಗಿತ್ತು. ಹೊರಟ 32 ಮಂದಿಯಲ್ಲಿ ಗುರಿ ಮುಟ್ಟಿದವರು 14 ಮಾತ್ರ. ಇದಕ್ಕೆ ವಿರುದ್ಧವಾದ ಪಾಠ 2002ರ ಬೋಸ್ಟನ್ ಓಟದಿಂದ ಬಂತು. ಅಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಮ್ಮಿನ ಅಂಶ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಕುಸಿದಿತ್ತು. ದಾರಿಯುದ್ದಕ್ಕೂ ಅತಿಯಾಗಿ ಕುಡಿದು, ಓಟದ ಕೊನೆಗೆ ದೇಹದ ತೂಕವೇ ಏರಿದವರಲ್ಲಿ ಇದು ಹೆಚ್ಚಾಗಿ ಕಂಡಿತು. ಬಾಯಾರಿಕೆಯೇ ಒಳ್ಳೆಯ ಸಲಹೆಗಾರ. ಅದು ಕೇಳಿದಾಗ ಕೊಡಿ, ಕೇಳದಿದ್ದಾಗ ಬಲವಂತ ಬೇಡ. ನೋವಿನ ಮಾತ್ರೆಗಳನ್ನಂತೂ ಚೀಲದಿಂದ ಹೊರಗಿಡಿ. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ದಣಿದ ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ.

ಗುರಿಯ ಬಳಿ ಮರಳಿ ಪಡೆಯುವ ಚೀಲದಲ್ಲಿ ಒಣಗಿದ ಬಟ್ಟೆ, ಟವೆಲು, ಸಡಿಲವಾದ ಚಪ್ಪಲಿ, ಸ್ವಲ್ಪ ಹಣ ಇರಲಿ. ಗೆರೆ ದಾಟಿದ ಮೇಲೆ ಬೆವರಿನ ಅಂಗಿಯಲ್ಲಿ ನಡುಗುತ್ತ, ಊದಿದ ಪಾದಗಳನ್ನು ಬೂಟಿನಿಂದ ಬಿಡಿಸಿಕೊಳ್ಳುವವನಿಗೆ ಆ ಚಪ್ಪಲಿಯು ಪದಕಕ್ಕಿಂತ ಪ್ರಿಯವೆನಿಸುವುದುಂಟು.

ಇವೆಲ್ಲವುಗಳಿಗಿಂತ ಮುಖ್ಯವಾದುದು ತೂಕವೇ ಇಲ್ಲದ ಒಂದು ವಸ್ತು. ಸಂಖ್ಯೆಯ ಚೀಟಿಯ ಹಿಂಬದಿಯನ್ನು ಒಮ್ಮೆ ತಿರುವಿ ನೋಡಿ. ಅಲ್ಲಿ ಮನೆಯವರ ದೂರವಾಣಿ ಸಂಖ್ಯೆ, ರಕ್ತದ ಗುಂಪು, ಇರುವ ಕಾಯಿಲೆ, ನುಂಗುವ ಔಷಧಿ ಇವನ್ನು ಬರೆಯಲು ಅನೇಕ ಓಟಗಳಲ್ಲಿ ಸ್ಥಳ ಬಿಟ್ಟಿರುತ್ತಾರೆ, ಇಲ್ಲದಿದ್ದರೂ ಬರೆಯಬಹುದು. ನಮ್ಮವರಲ್ಲಿ ಬಹುಮಂದಿ ಅದನ್ನು ಖಾಲಿ ಬಿಡುತ್ತಾರೆ, ಅಥವಾ ರಕ್ತದೊತ್ತಡದ ಮಾತ್ರೆಯ ಹೆಸರನ್ನು ಬರೆಯಲು ಸಂಕೋಚಪಡುತ್ತಾರೆ. ದಾರಿಯಲ್ಲಿ ಕುಸಿದವನ ಬಳಿಗೆ ಓಡಿ ಬರುವ ವೈದ್ಯನಿಗೆ ಆತನ ಹುದ್ದೆಯಾಗಲಿ, ಹಿಂದಿನ ಪದಕಗಳಾಗಲಿ ಬೇಕಿಲ್ಲ. ಬೇಕಾದುದು ಆ ನಾಲ್ಕು ಸಾಲು ಸತ್ಯ. ನಲವತ್ತು ದಾಟಿದವರು ಅಭ್ಯಾಸ ಆರಂಭಿಸುವ ಮುನ್ನವೇ ಹೃದಯದ ಪರೀಕ್ಷೆ ಮಾಡಿಸಿಕೊಂಡಿದ್ದರೆ, ಆ ಸಾಲುಗಳನ್ನು ಬರೆಯುವಾಗ ಕೈ ನಡುಗುವುದಿಲ್ಲ.

ಕೊನೆಯ ಮಾತು ಮನೆಯವರಿಗೆ. ಆರು ತಿಂಗಳು ನಸುಕಿನಲ್ಲೆದ್ದು ಅಭ್ಯಾಸ ಮಾಡಿ, ಹಣ ಕಟ್ಟಿ, ರೈಲಿನ ಟಿಕೆಟ್ಟು ಕೊಂಡು, ನೆಂಟರಿಗೆಲ್ಲ ಹೇಳಿಯಾದ ಮೇಲೆ ಹಿಂದಿನ ರಾತ್ರಿ ಮೈ ಬೆಚ್ಚಗಾದರೆ ಓಟಗಾರನು ಅದನ್ನು ಮುಚ್ಚಿಡುವ ಸಂಭವವೇ ಹೆಚ್ಚು. ಜ್ವರದಲ್ಲಿ ದೂರ ಓಡುವುದು ಹೃದಯದ ಸ್ನಾಯುವಿಗೆ ಕೇಡು ತರಬಹುದು. ಅಂಥ ಕೇಡು ಜೀವಕ್ಕೇ ಎರವಾಗುವುದುಂಟು. ಆದುದರಿಂದ ಚೀಲ ಕಟ್ಟಿ ಮುಗಿದ ಮೇಲೆ ಮನೆಯಲ್ಲಿ ಯಾರಾದರೊಬ್ಬರು ಹಣೆ ಮುಟ್ಟಿ ನೋಡಲಿ. ಬಿಸಿಯಿದ್ದರೆ ಹಾಸ್ಯ ಮಾಡದೆ, ಹಣ ಹೋಯಿತೆನ್ನದೆ, “ಈ ಸಲ ಬೇಡ, ಬರುವ ವರ್ಷ ಹೋದರಾಯಿತು” ಎಂದು ಹೇಳಲಿ. ಕಟ್ಟಿದ ಚೀಲವನ್ನು ಬಿಚ್ಚಿಡುವುದು ಕಟ್ಟುವುದಕ್ಕಿಂತ ಕಷ್ಟ. ಆ ಕಷ್ಟದಲ್ಲಿ ಓಟಗಾರನ ಜೊತೆಗೆ ನಿಲ್ಲಬಲ್ಲವರು ಮನೆಯವರಷ್ಟೆ.