ಮೂರನೆಯವನ ಲೆಕ್ಕ

ಓಟದಲ್ಲಿ ಮೊದಲಿಗನೊಬ್ಬನೇ ಲೆಕ್ಕಕ್ಕೆ, ಉಳಿದವರು ಸೊನ್ನೆ ಎಂಬ ವಾದವನ್ನು ಭೀಮಾ ತೀರದ ನಮ್ಮ ಸೊನ್ನದಲ್ಲಿ ಇಂದಿಗೂ ಕೇಳುತ್ತೇನೆ. ಒಪ್ಪಲಾರೆ.

2004ರ ಅಕ್ಟೋಬರ್ 3ರಂದು ದೆಹಲಿಯಲ್ಲಿ ವಿಶ್ವ ಅರ್ಧ ಮ್ಯಾರಥಾನ್ ಚಾಂಪಿಯನ್‌ಶಿಪ್ ನಡೆಯಿತು, 21.0975 ಕಿಲೋಮೀಟರ್ ಓಟ. ಪುರುಷರಲ್ಲಿ ಗೆದ್ದವರು ಕೀನ್ಯಾದ ಪಾಲ್ ಕಿರುಯಿ. ತಂಡದ ಚಿನ್ನ ಇಥಿಯೋಪಿಯಾಕ್ಕೆ! ಮಹಿಳೆಯರಲ್ಲಿ ಚೀನಾದ ಸುನ್ ಯಿಂಗ್‌ಜೀ ಗೆದ್ದರು, ತಂಡದ ಚಿನ್ನ ರಷ್ಯಾಕ್ಕೆ ಹೋಯಿತು. ಪ್ರತಿ ದೇಶದ ಮೊದಲ ಮೂವರ ಸಮಯವನ್ನು ಕೂಡಿಸಿ ತಂಡವನ್ನು ನಿರ್ಣಯಿಸುವುದು ಅಲ್ಲಿನ ಕ್ರಮ. ಮೂರನೆಯವನು ಕಳೆದುಕೊಂಡ ಒಂದೊಂದು ಕ್ಷಣಕ್ಕೂ ಮೊದಲಿಗನ ಕ್ಷಣದಷ್ಟೇ ತೂಕ.

ಪ್ರಿಯ ಶಿಷ್ಯರೇ, ನಾನೂ ತಪ್ಪಿತಸ್ಥನೇ. ಮೊದಲಿಗನು ಗೆರೆ ದಾಟಿದೊಡನೆ ಗಡಿಯಾರ ನಿಲ್ಲಿಸಿಬಿಡುತ್ತಿದ್ದೆ. ಏದುಸಿರು ಬಿಡುತ್ತ ಹಿಂದೆ ಬಂದ ನಿಮ್ಮ ಸಮಯವನ್ನು ಬರೆದುಕೊಳ್ಳಲೇ ಇಲ್ಲ. ಶಾಲೆಗಳ ದೂರದ ಓಟದಲ್ಲಿ ತಂಡಕ್ಕೂ ಪಾರಿತೋಷಕವಿರಲಿ. ಹಣವಿಲ್ಲವೆಂಬ ನೆಪ ಬೇಡ. ಬೇಕಾದದ್ದು ಒಂದು ಹಾಳೆ, ಒಂದು ಲೇಖನಿ, ಮೂರು ಸಾಲಿನ ಕೂಡುವ ಲೆಕ್ಕ.